ಗುರುಲಿಂಗವ್ವನ ಬಿಳಿ ಗಂಟು

“ಆಯಿ, ಲಗೂ ಮಾಡ ಬೇ! ನಿನ್ನ ಕಾಲಾಗ ಸಾಕಾಗೇತಿ!”

ಶಾರವ್ವ ಬಾಗಿಲಲ್ಲಿ ನಿಂತಲ್ಲಿ ನಿಲ್ಲದೆ ಕುಣಿಯುತ್ತಿದ್ದಳು. ಒಳಗೆ ಓಣಿಯ ಮುದುಕಿ ಗುರುಲಿಂಗವ್ವ ಮೊರದಲ್ಲಿದ್ದ ಜೋಳವನ್ನು ಬೆರಳಿನಿಂದ ತಡವಿ ತಡವಿ ಹಳ್ಳು-ಕಲ್ಲು ಆರಿಸುತ್ತಿದ್ದಳು.

“ತಡಿಯವ್ವಾ, ಇನ್ನೊಂದೀಟು.”

“ಮೊದಲ ಹಸನ ಮಾಡಿ ಇಡಾಕ ಏನಾಗಿತ್ತು?”

“ಮುಂಜಾನಿ ಮಾಡೇನಿ. ಇದು ಎರಡನೇ ಸಲ.”

ಶಾರವ್ವ ಹಣೆ ಹಣೆ ಬಡಿದುಕೊಂಡಳು. ಜೊತೆಗಿದ್ದ ಜೋಹರಾ ಕಿಸಕ್ಕನೆ ನಕ್ಕಳು.

ಇಳಕಲ್ಲಿನ ಆ ಓಣಿಯಲ್ಲಿ ಮನೆಮನೆಯವರೂ ದಿನಕ್ಕೊಂದು ಮುಷ್ಟಿ ಜೋಳ ತೆಗೆದಿಡುತ್ತಿದ್ದರು. ಅದು ಮಠದ ಪ್ರಸಾದ ನಿಲಯಕ್ಕೆ. ಹಳ್ಳಿಯ ಬಡ ಹುಡುಗರು ಅಲ್ಲಿ ಪುಕ್ಕಟೆ ಉಂಡು ಸಾಲಿ ಕಲಿಯುತ್ತಿದ್ದರು. ಶನಿವಾರ ಸಮಾಜಸೇವೆಯ ಪೀರಿಯಡ್ಡಿನಲ್ಲಿ ಐದನೇ ಇಯತ್ತೆಯ ಮಕ್ಕಳು ಇಬ್ಬಿಬ್ಬರಾಗಿ ಹೋಗಿ ಆ ಜೋಳ ಕೂಡಿಸಿ ತರಬೇಕು.

“ಬರೋ ಶನಿವಾರ ಯಾರ ಚೀಲ ಮೊದಲ ಬರ್ತೈತೋ, ಆಗಸ್ಟ್ ಹದಿನೈದಕ್ಕ ಡ್ರಮ್ ಅವರ ಕೈಗೆ,” ಎಂದಿದ್ದರು ಸಂಗಯ್ಯ ಸರ್.

ಡ್ರಮ್ಮು! ಶಾರವ್ವ ರೊಟ್ಟಿ ಬುಟ್ಟಿಯ ಮೇಲೂ ಬಾರಿಸಿ ಅವ್ವನಿಂದ ಬೈಸಿಕೊಂಡಿದ್ದಳು.

ಆ ಶನಿವಾರ ಬಂತು. ನೋಡಿದರೆ ಅವಳ ಮನೆಯ ಡಬ್ಬಿಯೇ ಖಾಲಿ. ನೂಲು ಸುತ್ತುವ ಗಡಿಬಿಡಿಯಲ್ಲಿ ಅವ್ವ ವಾರವೆಲ್ಲ ಮರೆತಿದ್ದಳು. ಶಾರವ್ವ ಮನೆಯ ಹಳೆ ಜೋಳದ ಚೀಲದ ತಳ ಬಳಿದು ಡಬ್ಬಿ ತುಂಬಿದಳು. ಹಳ್ಳು, ಮಣ್ಣು, ಹುಳ ತಿಂದ ಕಾಳು, ಎಲ್ಲ ಬಂತು. ‘ದಾನಕ್ಕಲ್ಲೇನು, ನಡೀತೈತಿ’ ಎಂದುಕೊಂಡಳು.

ಗುರುಲಿಂಗವ್ವನ ಬಾಗಿಲು ಬಂದಾಗ ಅವಳ ಕಾಲು ನಿಲ್ಲಲೇ ಇಲ್ಲ.

“ಏ, ಆಯಿ ಮನಿ ಬಿಟ್ಟೆಲ್ಲ!” ಎಂದಳು ಜೋಹರಾ.

“ಬಿಡು. ಏಳು ಮುಷ್ಟಿ ಜ್ವಾಳಕ್ಕ ಮಠಾ ಮುಳುಗೂದಿಲ್ಲ. ಓಡು!”

ಅವರದೇ ಮೊದಲ ಚೀಲ. ನಿಲಯದ ಅಡುಗೆಯ ಸಾವಂತ್ರವ್ವ ಅದನ್ನು ಚಾಪೆಯ ಮೇಲೆ ಸುರುವಿದಳು. ನೋಡಿದವಳೇ ಸಿಡಿದೆದ್ದಳು.

“ದಾನಾ ಅಂದಕೂಡ್ಲೆ ಮಂದಿಗೆ ಮನ್ಯಾಗಿನ ಕಸಾನ ನೆಪ್ಪಾಗ್ತೈತಿ! ಇವೇನು ಕಾಳೋ, ಹಳ್ಳೋ? ನಿತ್ಯ ನಲವತ್ತು ಮಂದಿಗೆ ಬೇಯಿಸ್ಲೋ, ಇದನ್ನ ಆರಿಸ್ಕೋತ ಕುಂದರ್ಲೋ?”

ಅವಳ ಕೈಯಲ್ಲಿದ್ದ ಹುಳುಕು ಕಾಳಿನ ಗುರುತು ಶಾರವ್ವನಿಗೆ ಹತ್ತಿತು. ಅವಳು ಜೋಹರಾಳ ಹಿಂದೆ ಸರಿದು ನಿಂತಳು.

“ಬಿಳೇ ಅರಿವಿ ಗಂಟೊಂದು ಬರ್ತಿತ್ತಲ್ಲ, ಅದೆಲ್ಲೇತಿ?” ಸಾವಂತ್ರವ್ವ ಚೀಲ ಝಾಡಿಸಿದಳು. “ಅದರಾಗ ಒಂದು ಹಳ್ಳು ಇರ್ತಿದ್ದಿಲ್ಲ. ಅದನ್ನ ಬ್ಯಾರೆ ಒಡಿಸಿ ಸಣ್ಣವರಿಗೆ ನುಚ್ಚು ಮಾಡ್ತಿದ್ದೆ. ನಿನ್ನೆ ಅದು ತೀರಿತು. ನೋಡಿಲ್ಲಿ, ಇವನ ಗತಿ!”

ಕಂಬದ ಹತ್ತಿರ ಗುಡೂರಿನ ಯಮನಪ್ಪ ಗಲ್ಲ ಹಿಡಿದು ಕುಳಿತಿದ್ದ. ಎರಡನೇ ಇಯತ್ತೆಯ ಹುಡುಗ. ಅಲುಗಾಡುವ ಹಲ್ಲಿಗೇ ಹಳ್ಳು ಸಿಕ್ಕು ವಸಡು ಬಾತಿತ್ತು. ಅವನ ಮುಂದಿನ ತಾಟು ಹಾಗೇ ಇತ್ತು.

“ಶಾರವ್ವ, ಜೋಹರಾ! ಡ್ರಮ್ ನಿಮ್ಮದು!” ಹೊರಗಿನಿಂದ ಸರ್ ಕೂಗಿದರು. “ಸಂಜಿ ಐದಕ್ಕ ಪ್ರಾಕ್ಟೀಸ್!”

ಜೋಹರಾ ಜಿಗಿದಳು. ಶಾರವ್ವ ತಾಟನ್ನೇ ನೋಡುತ್ತ ನಿಂತಳು.

ಸಂಜೆ ಅವಳು ಡಬ್ಬಿಯಲ್ಲಿ ಮತ್ತೆ ಜೋಳ ತುಂಬಿಕೊಂಡು ಹೊರಟಳು. ಈ ಸಲ ಹೊಸ ಚೀಲದ ಮೇಲಿನದು. ಗುರುಲಿಂಗವ್ವ ಹೊಸ್ತಿಲ ಮೇಲೆಯೇ ಇದ್ದಳು, ಮಡಿಲಲ್ಲಿ ಬಿಳಿ ಗಂಟು.

“ಈಗ ಬಂದೇನ ಹಡದವ್ವಾ! ಮುಂಜಾನಿಂದ ಕುಂತೇನಿ. ನಿನ್ನ ಕಾಲಾಗ ಸಾಕಾಗೇತಿ!”

ಶಾರವ್ವ ಪಕ್ಕದಲ್ಲಿ ಕುಳಿತು, ತನ್ನ ಡಬ್ಬಿಯನ್ನು ಮೊರಕ್ಕೆ ಸುರುವಿದಳು. ಮುದುಕಿಯ ಬೆರಳು ತಾನಾಗಿ ಕಾಳಿಗೆ ಹೋಯಿತು. ಮುಖ ಮಾತ್ರ ಓಣಿಯ ಕಡೆಗೇ ಇತ್ತು.

ಶಾರವ್ವ ಬಗ್ಗಿ ನೋಡಿದಳು. ಎರಡೂ ಕಣ್ಣುಗಳ ಮೇಲೆ ಹಾಲಿನಂಥ ಪೊರೆ.

ಇಷ್ಟು ಶನಿವಾರ ಈ ಬಾಗಿಲಲ್ಲಿ ನಿಂತಿದ್ದಳು. ಮೊರ ನೋಡಿದ್ದಳು, ಬಿಸಿಲು ನೋಡಿದ್ದಳು, ಓಣಿಯಲ್ಲಿ ಮುಂದೆ ಹೋಗುತ್ತಿದ್ದ ಬೇರೆ ಜೋಡಿಗಳನ್ನು ನೋಡಿದ್ದಳು.

ಕಾಳಿನಷ್ಟೇ ಸಣ್ಣ ಹಳ್ಳೊಂದನ್ನು ಎತ್ತಿ ಅವಳು ಮುದುಕಿಯ ಅಂಗೈಗೆ ಹಾಕಿದಳು. ಗುರುಲಿಂಗವ್ವ ಅದನ್ನು ಉಜ್ಜಿ ನೋಡಿ, “ಹೂಂ,” ಎಂದು ಓಣಿಗೆ ಎಸೆದಳು.

“ಶಾರೀ!” ಮೂಲೆಯಿಂದ ಜೋಹರಾ ಚೀರಿದಳು. “ಐದಾತು! ಬರಲಿಲ್ಲಂದ್ರ ಡ್ರಮ್ ಬ್ಯಾರೆಯವರಿಗೆ ಕೊಡ್ತಾರಂತ!”

ಶಾರವ್ವ ತಲೆ ಎತ್ತಲಿಲ್ಲ.

“ತಡಿಯೇ ಜೋಹರಾ, ಇನ್ನೊಂದೀಟು.”