ಇನ್ನೊಮ್ಮೆ ನಡೆದು ತೋರಿಸು

“ಬೂಟು ಹೊಸವೇನ್ರಿ?”

ತಲೆ ಎತ್ತಿದ ಹುಲಿಗೇಶನ ಮುಖದ ಬಣ್ಣ ಇಳಿದುಹೋಯಿತು. ಹಸಿರು ಟೊಪ್ಪಿಗೆ ಹಾಕಿಕೊಂಡು, ಕೊರಳಲ್ಲಿ ಸೀಟಿ ತೂಗಿಸಿಕೊಂಡು ಎದುರಿಗೆ ನಿಂತವಳು ನೀಲವ್ವ. ಮೂರು ವರ್ಷದ ಹಿಂದೆ ಅವನು ಕನ್ಯೆ ನೋಡಲು ಹೋಗಿ, ಬೇಡವೆಂದು ಬಿಟ್ಟುಬಂದ ಡೋಣಿ ಊರಿನ ಹುಡುಗಿ.

“ಹೌದ್ರಿ... ನಿನ್ನೆ ತಗೊಂಡೆ,” ಎಂದ ಹೇಗೋ.

“ಚಲೋ ಅದಾವ.”

ಕಪ್ಪತಗುಡ್ಡ ಹತ್ತಲು ಬಂದವರಿಗೆ ದಾರಿ ತೋರಿಸುವುದು ನೀಲವ್ವನ ಕೆಲಸ. ಹೊಸ ಬೂಟಿನವರನ್ನು ಕಂಡರೆ, ಹಿಮ್ಮಡ ಸುಲಿಯುತ್ತದೆ ಎಂದು ಹೇಳಿ ತಾನೇ ಬಟ್ಟೆಯ ಪಟ್ಟಿ ಸುತ್ತಿ ಕಳಿಸುವವಳು. ಪಟ್ಟಿಯ ಸುರುಳಿ ಸದಾ ಅವಳ ಚೀಲದಲ್ಲಿರುತ್ತದೆ. ಇವತ್ತು ಅದನ್ನು ಹೊರಗೆ ತೆಗೆಯಲಿಲ್ಲ.

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ನೀಲವ್ವನದು ಇನ್ನೂ ಮೂರೇ ವರ್ಷದ್ದು.

ಅವತ್ತು ಅವಳ ಮನೆಯ ಪಡಸಾಲೆಯಲ್ಲಿ ಹನ್ನೊಂದು ಜನ ಕೂತಿದ್ದರು. ನಿಮಗೆ ಏನು ಇಷ್ಟ ಎಂದು ಅವನು ಕೇಳಿದಾಗ, “ಗುಡ್ಡಾ ಹತ್ತೂದು” ಎಂದಿದ್ದಳು. ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ.

“ಒಂದಿನ ನನ್ನೂ ಕರಕೊಂಡು ಹೋಗ್ರಿ,” ಎಂದಿದ್ದ.

ಆ ಒಂದು ಮಾತಿಗೇ ಮನಸ್ಸು ಕೊಟ್ಟುಬಿಟ್ಟಿದ್ದಳು, ಹುಚ್ಚಿ.

ಆಮೇಲೆ ಅವನ ಸೋದರತ್ತೆ ದೇವವ್ವ, “ಎದ್ದು ನಡದು ತೋರಸವಾ” ಎಂದಳು. ಚಿಕ್ಕಂದಿನಲ್ಲಿ ಮುರಿದ ನೀಲವ್ವನ ಎಡಗಾಲು ಒಂದು ಬೆರಳಷ್ಟು ಗಿಡ್ಡ. ಜೀವ ಬಿಗಿಹಿಡಿದು ನಡೆದಳು. ಇನ್ನೇನು ಕೂರಬೇಕು, ಅಷ್ಟರಲ್ಲಿ ಅವನೇ ಬಾಯಿ ಬಿಟ್ಟ. “ಇನ್ನೊಮ್ಮೆ ನಡೀರಿ.”

ಅವನೇ!

ಎರಡನೆಯ ಸಲ ಕಾಲು ನಡುಗಿ, ಎಲ್ಲರಿಗೂ ಕಾಣುವಂತೆ ಕುಂಟಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಸಂಜೆಯ ಹೊತ್ತಿಗೆ ಬೇಡವೆಂದು ಖಬರು ಬಂತು.

ಇವತ್ತು ಅವನು ಲಕ್ಷ್ಮೇಶ್ವರದಿಂದ ತನ್ನ ಶಾಲೆಯ ಏಳು ಜನ ಮಾಸ್ತರರೊಂದಿಗೆ ಬಂದಿದ್ದ. ನೀಲವ್ವ ಸುತ್ತುದಾರಿ ಬಿಟ್ಟು, ನೇರ ಮೇಲೇರುವ ಕಲ್ಲುದಾರಿ ಹಿಡಿದಳು.

“ಅಕ್ಕಾರ, ಜೀಪ ಹೋಗೂ ದಾರಿ ಇಲ್ಲೇನ್ರಿ?” ಎಂದು ಏದುಸಿರಿನಲ್ಲಿ ಕೇಳಿದವನು ಗೆಳೆಯ ಇಲಿಯಾಸ.

“ಐತ್ರಿ. ಅದು ಕಾಲಿಲ್ಲದವರಿಗೆ.”

ಅರ್ಧ ಗುಡ್ಡಕ್ಕೆ ಹುಲಿಗೇಶ ಹಿಂದೆ ಬಿದ್ದ. ಉಳಿದವರು ಕೂತು ನೀರು ಕುಡಿದರು. ಅವನು ಕಾಲೆಳೆಯುತ್ತ ಬಂದು ಕೂರುವಷ್ಟರಲ್ಲಿ ನೀಲವ್ವ ಸೀಟಿ ಊದಿದಳು. “ಹೊತ್ತಾತು. ಏಳ್ರಿ.”

“ಯಾಕಲೇ, ಕುಂಟಾಕತ್ತಿ?” ಎಂದ ಇಲಿಯಾಸ.

ಆ ಮಾತು ಕೇಳಿ ನೀಲವ್ವನ ಎದೆ ಎಷ್ಟು ತಣ್ಣಗಾಯಿತೆಂದರೆ, ಅವಳಿಗೇ ಒಂದು ಗಳಿಗೆ ನಾಚಿಕೆಯಾಯಿತು. ಆದರೂ ಹೆಜ್ಜೆ ನಿಧಾನ ಮಾಡಲಿಲ್ಲ.

ಗಾಳಿಗುಂಡಿ ಎಂಬ ಗುಡ್ಡದ ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಎಲ್ಲರನ್ನೂ ಸಾಲಾಗಿ ಕೂರಿಸಿ, ಇಲ್ಲದ ಪದ್ಧತಿಯೊಂದನ್ನು ಹುಟ್ಟಿಸಿದಳು.

“ಇಲ್ಲಿ ಕಡೀಗೆ ಬಂದವರು ಎಲ್ಲಾರ ಮುಂದ ನಡದು ತೋರಸಬೇಕ್ರಿ.”

ಮಾಸ್ತರರು ಚಪ್ಪಾಳೆ ತಟ್ಟಿದರು. ಹುಲಿಗೇಶ ಆ ಬಂಡೆಯಿಂದ ಈ ಬಂಡೆಯವರೆಗೆ ಕುಂಟುತ್ತ ನಡೆದ. ನಗುವೋ ನಗು.

“ಇನ್ನೊಮ್ಮೆ ನಡೀರಿ,” ಎಂದಳು ನೀಲವ್ವ.

ಅವನು ಅವಳನ್ನು ನೋಡಿದ. ತಿರುಗಿ ನಡೆದ. ಈ ಸಲ ಬೂಟಿನ ಅಂಚಿನ ಕಾಲುಚೀಲದ ಮೇಲೆ ಕೆಂಪು ಕಲೆ ಕಾಣಿಸಿತು. ನಗು ತಾನಾಗಿ ನಿಂತಿತು.

“ಮೂರನೇ ಸಲಾನೂ ನಡೀಲೇನ್ರಿ?” ಎಂದ ಮೆಲ್ಲಗೆ.

ಮಾಡಿದ್ದುಣ್ಣೋ ಮಹಾರಾಯ ಎನ್ನಬೇಕೆಂದು ಮೂರು ವರ್ಷ ಕಾದಿದ್ದಳು. ಈಗ ನಾಲಿಗೆ ಹೊರಳಲಿಲ್ಲ. ಅವನ ಜಾಗದಲ್ಲಿ ಪಡಸಾಲೆಯ ನೀಲವ್ವನೇ ನಿಂತಂತೆ ಕಂಡು ಅವಳ ಕಣ್ಣು ತುಂಬಿತು.

ಉಳಿದವರನ್ನು ಗಾಳಿಯಂತ್ರ ನೋಡಲು ಕಳಿಸಿ, ಅವನನ್ನು ಕೂರಿಸಿ, ಬೂಟು ಕಳಚಿಸಿ, ಪಟ್ಟಿಯ ಸುರುಳಿ ತೆಗೆದಳು.

“ಗಾಯ ಆಗೂದು ನನಗ ಗೊತ್ತಿತ್ತು. ಬೇಕಂತ ಹೇಳಲಿಲ್ಲ.”

“ಆಗಲಿ ಬಿಡ್ರಿ. ನೀವು ಇಲ್ಲಿರ್ತೀರಿ ಅಂತ ಕೇಳೇ ಬಂದೀನಿ. ಬೂಟು ತಗೊಂಡದ್ದೂ ಅದಕ್ಕ.”

ಅವಳ ಕೈ ನಿಂತಿತು.

“ಅವತ್ತು ಇನ್ನೊಮ್ಮೆ ನಡಿ ಅಂದ್ರೆಲ್ಲ, ಯಾಕ?”

“ಹುಡುಗಿ ಕುಂಟತಾಳ ಅಂತ ಅತ್ತಿ ನನ್ನ ಕಿವ್ಯಾಗ ಅಂದ್ಲು. ಇಲ್ಲ, ಸೀರಿ ತೊಡರಿತು ಅಂದೆ. ಅಕಿ ಬಾಯಿ ಮುಚ್ಚಸಬೇಕಂತ ನಡೀರಿ ಅಂದೆ.”

“ನಾ ಖರೇನ ಕುಂಟಿದೆ. ಆಮ್ಯಾಲ?”

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಅವನು ಸುಲಭವಾಗಿ ಪಾರಾಗುತ್ತಿದ್ದ. ಹೇಳಲಿಲ್ಲ.

“ಅಂಜಿದೆ. ಮಂದಿ ಏನಂತಾರ ಅಂತ ಸುಮ್ಮನ ಕುಂತೆ. ಅತ್ತಿ ಬ್ಯಾಡ ಅಂದಾಗನೂ ಬಾಯಿ ತಗೀಲಿಲ್ಲ. ಆಮ್ಯಾಲ ಏಳು ಕನ್ಯಾ ತೋರಿಸಿದ್ರು. ಯಾವ ಪಡಸಾಲ್ಯಾಗೂ ತಲಿ ಎತ್ತಾಕ ಆಗಲಿಲ್ರಿ.”

ಹಾಗಾದರೆ ಅದು ಗೇಲಿಯಲ್ಲ, ಹೇಡಿತನ! ನೀಲವ್ವನಿಗೆ ಸಿಟ್ಟು ಬಂತು, ಅಳುವೂ ಬಂತು. ಗೇಲಿ ಮಾಡಿದವನನ್ನು ಅವಳು ಎಂದಿಗೂ ಕ್ಷಮಿಸುತ್ತಿರಲಿಲ್ಲ. ಹೇಡಿಯನ್ನು ಏನು ಮಾಡುವುದು... ಪಟ್ಟಿಯನ್ನು ಜಗ್ಗಿ ಬಿಗಿದಳು.

“ನೋಯ್ತೇನ್ರಿ?”

“ಹೂಂ.”

“ನೋಯಲಿ.”

ಮಾಸ್ತರರು ತಿರುಗಿ ಬಂದರು. ಹುಲಿಗೇಶ ಬಂಡೆ ಹಿಡಿದು ಎದ್ದು ನಿಂತ.

“ಎಲ್ಲಾರೂ ಕೇಳ್ರಿ. ಮೂರು ವರ್ಷದ ಹಿಂದ ಈಕಿನ್ನ ಮಂದಿ ಮುಂದ ನಡಿಸಿ, ಅವಮಾನ ಮಾಡಿ ಹೋದಾಂವ ನಾನು. ನನಗ ನೀಲವ್ವ ಬೇಕು. ಅಕಿ ಒಲ್ಲೆ ಅಂದ್ರೂ ಅದು ಅಕಿ ಹಕ್ಕು.”

ನೀಲವ್ವ ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡಳು.

“ನಿಮ್ಮ ಅತ್ತಿನ ಕರಕೊಂಡು ಬರ್ರಿ. ಈ ಸಲ ನೋಡೂದು ನಾವು, ಇಲ್ಲೇ ಗುಡ್ಡದ ಮ್ಯಾಲ. ಅಕಿ ನಡದಾ ಬರಬೇಕು.”

“ಅಕಿಗೆ ಮೊಣಕಾಲ ಬ್ಯಾನಿ ಐತ್ರಿ.”

“ಹೌದೇನು? ಹಂಗಾರ ಸಾವಕಾಶ ಬರ್ಲಿ. ನಾ ಕುಂತು ನೋಡ್ತೀನಿ.”

ಕರುಣೆಯಿಲ್ಲದ ಮಾತು. ಆದರೂ ಹುಲಿಗೇಶ ತಲೆಯಾಡಿಸಿದ. “ಕರಕೊಂಡು ಬರ್ತೀನಿ.”

ಇಳಿಯುವಾಗ ನೀಲವ್ವ ಜೀಪ್ ದಾರಿ ಹಿಡಿದಳು. ಇಲಿಯಾಸ ಏನೋ ಅನ್ನಲು ಹೋಗಿ, ಅವಳ ಮುಖ ನೋಡಿ ಉಳಿದವರನ್ನು ಕರೆದುಕೊಂಡು ಮುಂದೆ ನಡೆದ. ಹುಲಿಗೇಶ ಮತ್ತೆ ಹಿಂದೆ ಉಳಿದಿದ್ದ.

“ನೀವು ಹೋಗ್ರಿ. ನಾ ಹಿಂದಿಂದ ಬರ್ತೀನಿ,” ಎಂದ.

ನೀಲವ್ವ ನಿಂತು ಕೈ ಚಾಚಿದಳು.

“ನನ್ನ ಇನ್ನೊಮ್ಮೆ ಒಬ್ಬಾಕಿನ್ನ ನಡಸಬ್ಯಾಡ್ರಿ.”