ಗೋಡೆ ಏರಿದ ನೆರಳು

ಬಲು ಹಿಂದೆ, ಬಿಂಬಾವತಿ ಎಂಬ ರಾಜ್ಯದ ಅರಮನೆಯಲ್ಲಿ ಒಂದು ಮಾಯದ ಗೋಡೆಯಿತ್ತು. ಅದು ಒಪ್ಪಿಕೊಂಡ ಚಿತ್ರ ಎಂದೂ ಅಳಿಯುತ್ತಿರಲಿಲ್ಲ. ಚಿತ್ರದೊಳಗಿನವರು ನೋಡಲು ಬಂದವರತ್ತ ನಗುತ್ತಿದ್ದರು. ಗೋಡೆಯ ಕಾವಲಿಗೆ ವರ್ಣಕೇತು ಎಂಬ ಮಾಂತ್ರಿಕನಿದ್ದ. ಕೈಯಿಂದ ಬರೆದದ್ದೇ ಕಲೆ, ಬೇರೆಯದು ಗೋಡೆ ಏರಕೂಡದು ಎಂದು ಅವನು ತನ್ನ ಪ್ರಾಣವನ್ನೇ ಒತ್ತೆಯಿಟ್ಟು ಗೋಡೆಗೆ ಮಂತ್ರ ಕಟ್ಟಿದ್ದ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವುದು ಇಂಥವರನ್ನು ನೋಡಿಯೇ.

ಅದೇ ಊರಿನ ಸೋಮವ್ವ ಬೆಳಕು ಹಿಡಿಯುವವಳು. ಅವಳ ಮರದ ಪೆಟ್ಟಿಗೆಗೆ ಗಾಜಿನದೊಂದು ಕಣ್ಣು. ಎದುರು ನಿಂತವರ ನೆರಳು ಒಳಗಿನ ಬೆಳ್ಳಿ ತಗಡಿನ ಮೇಲೆ ಬಂದು ಕೂರುತ್ತಿತ್ತು. ಆದರೆ ಬಹಳ ಕಾಲ ಬಾಳುತ್ತಿರಲಿಲ್ಲ. ತಗಡು ಅಂಚಿನಿಂದ ಕಪ್ಪಾಗುತ್ತಾ ಬರುತ್ತಿತ್ತು. ತೀರಿಹೋದ ತಾಯಿ ಕೆಂಚವ್ವನದು ಒಂದೇ ತಗಡು ಉಳಿದಿತ್ತು. ಮುಖದ ತುಂಬ ಸಿಡುಬಿನ ಗುಳಿ, ನಗು ತಡೆಯಲಾರದೆ ತೆರೆದ ಬಾಯಿ, ಮುರಿದ ಹಲ್ಲು. ಕಪ್ಪು ಆಗಲೇ ಕೊರಳಿನವರೆಗೆ ಬಂದಿತ್ತು. ಸೋಮವ್ವ ತಗಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಅರಮನೆಗೆ ಓಡಿದಳು.

"ನಮ್ಮವ್ವನ್ನ ಗ್ವಾಡಿ ಮ್ಯಾಲೆ ಹಾಕ್ರಿ, ಯಪ್ಪಾ."

ವರ್ಣಕೇತು ನಕ್ಕ. "ಇದನ್ನು ಬರೆದವನು ಸೂರ್ಯ. ನೀನೇನು ಮಾಡಿದೆ? ಮುಚ್ಚಳ ತೆಗೆದೆ! ಮೂರು ಪಂಥ ಗೆಲ್ಲು, ಆಮೇಲೆ ಮಾತು."

ಮೊದಲನೆಯದು, ಕುಂಚ ಕಂಡರೆ ಬೆಂಕಿ ಉಗುಳುವ ಸಿಂಹದಂಥ ಮೃಗ ಯಾಳಿಯ ಚಿತ್ರ ತರುವುದು. ಸೋಮವ್ವನ ಕೈಯಲ್ಲಿ ಕುಂಚವೇ ಇರಲಿಲ್ಲ. ಯಾಳಿ ಆಕಳಿಸಿತು, ನೆರಳು ತಗಡಿಗೆ ಬಂತು. "ಕೂದಲು ಕೂದಲೂ ಕಾಣುತ್ತಿದೆ, ಕಲೆ ಎಂದರೆ ಮಂಜು ಮಂಜಾಗಿರಬೇಕು" ಎಂದ ಮಾಂತ್ರಿಕ. ಅವಳು ಗಾಜಿಗೆ ಎಣ್ಣೆ ಸವರಿ ಮತ್ತೆ ಹಿಡಿದಳು, ಗೆದ್ದಳು. ಎರಡನೆಯದು, ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಬದಲಿಸುವ ಹಂಸ. ಅದನ್ನೂ ಹಿಡಿದಳು. "ಬಣ್ಣವೆಲ್ಲಿ?" ಎಂದ. ಕುಂಚ ಬೇಡಿ ತಂದು ರೆಕ್ಕೆಗೆ ಬಣ್ಣ ಬಳಿದಳು. ಮತ್ತೂ ಗೆದ್ದಳು. ಪಾಪ, ಅವನು ಹೇಳಿದಂತೆ ಕೇಳುವುದು ಅವಳಿಗೆ ರೂಢಿಯಾಗಿಬಿಟ್ಟಿತು.

ಮೂರನೆಯದು ತಾಯಿಯ ತಗಡೇ. ಕಪ್ಪು ಗದ್ದ ಮುಟ್ಟಿತ್ತು.

"ಇದರಲ್ಲಿ ನಿನ್ನ ಕೈ ಎಲ್ಲಿದೆ?"

"ನಮ್ಮವ್ವ ಇದ್ದದ್ದ ಹಿಂಗ, ಯಪ್ಪಾ. ಇದರಾಗ ನಾ ಏನ್ ತಿದ್ದಲಿ?"

"ಹಾಗಾದರೆ ಕಪ್ಪಾಗಲಿ ಬಿಡು."

ಸೋಮವ್ವ ಅಳುತ್ತಲೇ ಕುಂಚ ಹಿಡಿದಳು. ಗುಳಿಗಳನ್ನು ತುಂಬಿದಳು. ಬಾಯಿ ಮುಚ್ಚಿಸಿದಳು. ಮೂಗಿಗೆ, ಅವ್ವ ಎಂದೂ ಕಾಣದ ಮುತ್ತಿನ ನತ್ತು ಇಟ್ಟಳು. ತಗಡು ತಾನಾಗಿ ಹಾರಿ ಗೋಡೆಗೆ ಅಂಟಿತು. ಬಣ್ಣದ ಕೆಳಗಿದ್ದದ್ದು ಸೂರ್ಯನ ಬರಹವೇ ತಾನೆ? ಅದು ಗೋಡೆಯೇರಿದ್ದೇ ಮಂತ್ರ ಮುರಿಯಿತು, ವರ್ಣಕೇತು ಹಿಡಿ ಬೂದಿಯಾದ. ಬೆಳಕು ಹಿಡಿಯುವುದೂ ಕಲೆಯೇ ಎಂದು ರಾಜ ಡಂಗುರ ಹೊಡೆಸಿದ.

ಮಾರನೆಯ ದಿನ ಕುಂಬಾರರ ಮುದುಕಿಯೊಬ್ಬಳ ತಗಡು ಬಂತು. ಒಕ್ಕಣ್ಣು, ಸುಕ್ಕು, ಮುರಿದ ಹಲ್ಲು ತೋರಿಸುವ ನಗು, ಕೆನ್ನೆಗೆ ಮೆತ್ತಿದ ಮಣ್ಣು. ಯಾರೂ ಏನೂ ತಿದ್ದಲಿಲ್ಲ. ಗೋಡೆ ಅದನ್ನು ಹಾಗೆಯೇ ತೆಗೆದುಕೊಂಡಿತು.

ಸೋಮವ್ವ ತಾಯಿಯ ತಗಡಿನತ್ತ ಓಡಿದಳು. ನೀರು, ಬಟ್ಟೆ ತಂದು ತಾಯಿಯ ಮುಖ ಒರೆಸಿದಳು, ಉಜ್ಜಿದಳು. ಗೋಡೆಯ ಮೇಲಿನದು ಯಾವುದೂ ಅಳಿಯುವುದಿಲ್ಲವಲ್ಲ, ಬಣ್ಣವೂ ಅಳಿಯಲಿಲ್ಲ.

"ಯವ್ವಾ, ಒಂದ ಸಲ ಬಾಯಿ ತಗದು ನಗು."

ನತ್ತಿನ ಹೆಂಗಸು ಎಲ್ಲರತ್ತ ನಗುವಂತೆಯೇ, ತುಟಿ ಬಿಚ್ಚದೆ, ಅವಳತ್ತಲೂ ನಕ್ಕಳು.

ಆಮೇಲೆ ಆ ರಾಜ್ಯದವರೆಲ್ಲ ಸುಖವಾಗಿ ಬಾಳಿದರು. ಸೋಮವ್ವನ ಹೆಸರೂ ದೊಡ್ಡದಾಯಿತು. ಅವ್ವನನ್ನು ನೋಡಬೇಕು ಅನ್ನಿಸಿದಾಗ ಮಾತ್ರ ಅವಳು ಕುಂಬಾರ ಮುದುಕಿಯ ಎದುರು ಹೋಗಿ ಕೂರುತ್ತಿದ್ದಳು.