ಹಿಂಭಾಗ ನಾಳೆ

"ನೀವು ಅಜ್ಜ ಅಲ್ಲವೇ ಅಲ್ಲ" ಎಂದ, ಕೌಂಟರಿನ ಆಚೆ ನಿಂತವನು. ಅದೂ ದೂರು ಹೇಳುವ ದನಿಯಲ್ಲಿ.

ನಾನು ಹಿಂದೆ ತಿರುಗಿ ನೋಡಿದೆ. ಕಬ್ಬಿಣದ ಕಪಾಟು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

"ಯಾರು ಬೇಕಾಗಿತ್ತು?"

"ಕೆಂಪು ಪೆನ್ಸಿಲ್ ಅಜ್ಜ. ನನ್ನ ಅರ್ಜೀನ ಎರಡು ಸಲ ವಾಪಸ್ ಕಳಿಸಿದವರು."

ಗಾಜಿನ ಕೆಳಗಿನ ಕಿಂಡಿಯಿಂದ ಎರಡು ಹಾಳೆ ಒಳಗೆ ಬಂದವು. ಎರಡರ ಮೇಲೂ ನನ್ನದೇ ಅಕ್ಷರ: 'ದಾಖಲೆಯಲ್ಲಿ ಇಲ್ಲ.' ಕೆಳಗೆ ಎರಡೆರಡು ಗೆರೆ.

"ಈ ಗೆರೆ ನೋಡಿ ಮನಸ್ಸಲ್ಲೇ ಒಬ್ಬರನ್ನ ಕಟ್ಟಿಕೊಂಡಿದ್ದೆ. ರಿಟೈರ್ ಆಗೋಕೆ ಎರಡು ದಿನ, ದಪ್ಪ ಕನ್ನಡಕ, ಮೂಗಿನ ತುದೀಲಿ ಕೋಪ. ದಾರಿ ಉದ್ದಕ್ಕೂ ಜಗಳ ಪ್ರಾಕ್ಟೀಸ್ ಮಾಡ್ಕೊಂಡು ಬಂದೆ. ಈಗ ಅದೆಲ್ಲಾ ವೇಸ್ಟ್."

"ಕನ್ನಡಕ ಇದೆ" ಎಂದೆ. ಯಾಕೆ ಹೇಳಿದೆನೋ. "ಓದೋವಾಗ ಮಾತ್ರ."

"ಹಾಕ್ಕೊಳ್ಳಿ ಹಾಗಾದ್ರೆ. ಅರ್ಧ ಜಗಳನಾದ್ರೂ ಆಡ್ತೀನಿ."

ಹಾಕಿಕೊಂಡೆ. ಅವನ ಮುಖ ಸ್ಪಷ್ಟವಾಯಿತು. ಸ್ಪಷ್ಟವಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಏಕೆಂದರೆ ಆ ಕಣ್ಣುಗಳು ಜಗಳಕ್ಕೆ ಬಂದವನ ಕಣ್ಣುಗಳಂತೆ ಇರಲಿಲ್ಲ.

ನಮ್ಮ ಕಚೇರಿಯ ಕೆಲಸ ಇಷ್ಟೇ: ಸೈನ್ಯದಿಂದ ನಿವೃತ್ತರಾದವರ ಸೇವಾ ದಾಖಲೆ ಕಾಯುವುದು. ತಪ್ಪಿದ್ದರೆ ತಿದ್ದುವುದು ನನ್ನ ಮೇಜಿನ ಕೆಲಸ. ಮನೆಯ ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸ್ ಹೋಗಿ ಎಳೆದು ನೋಡುವ ಜಾತಿ ನಾನು. ಈ ಕೆಲಸಕ್ಕೆ ಸರಿಯಾದವಳು ಎಂದು ಎಲ್ಲರೂ ಹೇಳುತ್ತಿದ್ದರು.

ಅವನು ಎರಡು ಬೀದಿ ಆಚೆಯ ಟೈಲರ್. ಅರ್ಜಿ ಅವನ ತಾತನ ಪರವಾಗಿ ಹಾಕಿದ್ದು. ತಾತನಿಗೆ ಐದು ಪದಕ ಬಂದಿದ್ದವು, ನಮ್ಮ ಕಂಪ್ಯೂಟರಿನಲ್ಲಿ ಮೂರೇ ಇದ್ದವು. ಎಂಟು ವರ್ಷದ ಹಿಂದೆ ಹಳೆಯ ಸೈನಿಕರ ಸಮಾವೇಶದ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವರು ಎಲ್ಲರೆದುರಿಗೆ ಅವರನ್ನು ತಡೆದಿದ್ದರು. ನಿಮ್ಮ ಹೆಸರಿನ ಮುಂದೆ ಮೂರೇ ಇದೆ, ಉಳಿದೆರಡು ಬಿಚ್ಚಿ, ಎಂದಿದ್ದರು.

"ತಾತ ಎರಡನ್ನ ಬಿಚ್ಚಲಿಲ್ಲ. ಐದನ್ನೂ ಬಿಚ್ಚಿ ಆ ಟೇಬಲ್ ಮೇಲೆ ಇಟ್ಟು ಮನೆಗೆ ಬಂದ್ರು. ಆಮೇಲೆ ಎಲ್ಲಿ ಹೋದವೋ. ಕೋಟಿನ ಮೇಲೆ ಪದಕಕ್ಕೊಂದರಂತೆ ಹೊಲಿದಿದ್ದ ರಿಬ್ಬನ್‌ಗಳನ್ನೂ ತಾವೇ ಕಿತ್ತು ಹಾಕಿದ್ರು. ಮತ್ತೆ ಆ ಕಡೆ ತಲೆ ಹಾಕಿಲ್ಲ." ಟೈಲರ್‌ನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಅವರ ತುಕಡೀಲಿ ಈಗ ಉಳಿದಿರೋದು ಇಬ್ಬರೇ. ತಾತ, ಮತ್ತೆ ವೈರ್‌ಲೆಸ್ ನೋಡ್ಕೋತಿದ್ದ ಅವರ ಗೆಳೆಯ. ಈ ಸಲ ಬಾರೋ ಅಂತ ಅವರು ಫೋನ್ ಮಾಡಿ ಅತ್ತುಬಿಟ್ರು. ಸುಳ್ಳು ಪದಕದವನು ಅನ್ನಿಸಿಕೊಂಡ ಬಾಗಿಲಿಗೆ ಕಾಲಿಡಲ್ಲ ಅಂತಾರೆ ತಾತ. ಸಮಾವೇಶಕ್ಕೆ ಹನ್ನೊಂದು ದಿನ ಇದೆ, ಮೇಡಂ. ಇನ್ನೊಂದು ವರ್ಷ ಕಾಯೋಣ ಅನ್ನೋ ವಯಸ್ಸು ಇಬ್ಬರದ್ದೂ ಅಲ್ಲ."

"ಏನಾದ್ರೂ ಸಾಕ್ಷಿ ಬೇಕು" ಎಂದೆ. ನನ್ನ ದನಿ ನನಗೇ ಕೆಂಪು ಪೆನ್ಸಿಲಿನಂತೆ ಕೇಳಿತು.

ಅವನು ಹೊರಟವನು ನಿಂತ. ನನ್ನ ಬೂದು ಆಫೀಸ್ ಕೋಟಿನ ತೋಳು ನೋಡಿದ. "ಆ ಗುಂಡಿ ಇನ್ನೆರಡು ದಿನಕ್ಕೆ ಬೀಳತ್ತೆ."

"ಬಿದ್ರೆ ನಾನೇ ಹಾಕ್ಕೋತೀನಿ."

"ಹೋದ ಸಲ ಹಾಕಿದ್ದೂ ನೀವೇ ಅಲ್ವಾ? ಗೊತ್ತಾಗತ್ತೆ."

ಮಾರನೆಯ ದಿನ ತೋಳಿನ ಮೇಲೆ ಒಂದು ಹಳೆಯ ಕೋಟನ್ನು ಹೊತ್ತು ಬಂದ, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ. ಕೌಂಟರಿನ ಮೇಲೆ ಹರಡಿ ಎದೆಯ ಎಡಭಾಗ ತೋರಿಸಿದ.

"ಸಾಕ್ಷಿ ಕೇಳಿದ್ರಲ್ಲ. ಓದಿ."

"ಏನಿದೆ ಇಲ್ಲಿ?"

"ಹತ್ತಿರ ಬನ್ನಿ."

ಬಾಗಿದೆ. ಅವನೂ ಬಾಗಿದ. ನಡುವೆ ಗಾಜು ಇತ್ತು, ಆದರೂ ಅವನ ಉಸಿರಿನಿಂದ ಗಾಜು ಮಬ್ಬಾದದ್ದು ಕಂಡು ನನ್ನ ಉಸಿರು ಹಿಡಿದುಕೊಂಡಿತು. ಅವನ ಬೆರಳು ಬಟ್ಟೆಯ ಮೇಲೆ ನಿಧಾನ ಸರಿಯಿತು. ಸುತ್ತಲಿನ ಬಟ್ಟೆ ಬಿಸಿಲಿಗೆ ಬಿಳಿಚಿತ್ತು. ಎದೆಯ ಮೇಲೊಂದು ಪಟ್ಟಿ ಮಾತ್ರ ಹೊಸದರಂತೆ ಗಾಢವಾಗಿತ್ತು, ಅದರ ಅಂಚಿಗೆ ಸೂಜಿಯ ಸಣ್ಣ ಸಣ್ಣ ತೂತುಗಳು.

"ರಿಬ್ಬನ್ ಕೂತಿದ್ದ ಜಾಗ. ಬಿಸಿಲು ಒಳಗೆ ಹೋಗಿಲ್ಲ. ಎಲ್ಲಾ ರಿಬ್ಬನ್ನೂ ಒಂದೇ ಅಗಲ. ಅಳೆದು ನೋಡಿ." ಕೋಟಿನ ಎದೆಭಾಗವೂ ಟೇಪೂ ಕಿಂಡಿಯಿಂದ ಒಳಗೆ ಸರಿದವು. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಮೂರಕ್ಕಾದ್ರೆ ಇಲ್ಲಿಗೆ ಮುಗೀಬೇಕಿತ್ತು. ಇದು ಐದರ ಅಗಲ. ಬಟ್ಟೆ ಸುಳ್ಳು ಹೇಳಲ್ಲ, ಮೇಡಂ."

ಸೂಜಿ ತೂತನ್ನು ಸಾಕ್ಷಿ ಎಂದು ಒಪ್ಪುವ ನಿಯಮ ನಮ್ಮಲ್ಲಿ ಇಲ್ಲ. ಆದರೆ ನನ್ನ ಮೈ ಜುಮ್ಮೆಂದಿತು. ಈ ಮನುಷ್ಯ ದಾರದ ಗುರುತಿನಲ್ಲಿ ಒಂದು ಜೀವನವನ್ನು ಓದುತ್ತಿದ್ದ, ನಾನು ಪರದೆಯ ಮೇಲಿನ ಮೂರು ಸಾಲು ಓದಿ ಎರಡು ಸಲ ಇಲ್ಲ ಎಂದಿದ್ದೆ. ಕಂಪ್ಯೂಟರಿಗೆ ಹಾಕುವ ಮುಂಚಿನ ಕಾಗದದ ಕಾರ್ಡು ಕೆಳಗಿನ ಉಗ್ರಾಣದಲ್ಲಿ ಇದ್ದೇ ಇರುತ್ತದೆ. ಅದನ್ನು ತೆಗೆದು ನೋಡುವಷ್ಟು ಅನುಮಾನ ನನಗೆ ಯಾಕೆ ಬರಲಿಲ್ಲ?

"ನಾಳೆ ಹೇಳ್ತೀನಿ" ಎಂದೆ.

"ನಗ್ತಾ ಹೇಳಿದ್ರಿ. ಹಾಗಾದ್ರೆ ಸಿಗತ್ತೆ."

ನಾನು ನಗುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ಅಂದು ಮಧ್ಯಾಹ್ನ ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಹನ್ನೆರಡನೇ ಪೆಟ್ಟಿಗೆ, ನೂರ ಅರವತ್ತಮೂರನೇ ಕಾರ್ಡು. ಮುಂಭಾಗದಲ್ಲಿ ಮೂರು ಪದಕ, ಅಲ್ಲಿಗೆ ಜಾಗ ಮುಗಿದಿತ್ತು. ತಿರುಗಿಸಿದೆ. ಹಿಂಭಾಗದಲ್ಲಿ ನೀಲಿ ಶಾಯಿಯಲ್ಲಿ ಇನ್ನೆರಡು. ಒಂದು ಗಾಯಗೊಂಡದ್ದಕ್ಕೆ. ಇನ್ನೊಂದು, ಗಾಯಗೊಂಡಿದ್ದರೂ ವೈರ್‌ಲೆಸ್‌ನವನನ್ನು ಬೆನ್ನ ಮೇಲೆ ಹೊತ್ತು ತಂದದ್ದಕ್ಕೆ.

ಕುಣಿಯಬೇಕೆನ್ನಿಸಿತು. ಕಾರ್ಡು ಹಿಡಿದು ಒಂದು ಸುತ್ತು ತಿರುಗಿಯೂ ಬಿಟ್ಟೆ. ತೋಳು ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಗುಂಡಿ ಕಿತ್ತು ಒಳಗೆ ಬಿತ್ತು. ಅದನ್ನು ಹುಡುಕಲು ಕಾರ್ಡುಗಳನ್ನು ಸರಿಸಿದಾಗ ತಳದಲ್ಲಿ ಒಂದು ಹಳದಿ ಚೀಟಿ ಸಿಕ್ಕಿತು.

'ಮುಂಭಾಗ ಆಯಿತು. ಹಿಂಭಾಗ ನಾಳೆ.'

ಅಕ್ಷರ ನನ್ನದು.

ಒಂಬತ್ತು ವರ್ಷದ ಹಿಂದೆ ಇಲ್ಲಿಗೆ ನಾನು ಬಂದದ್ದು ಸ್ಕ್ಯಾನ್ ಮಾಡುವ ದಿನಗೂಲಿಯವಳಾಗಿ. ಹಗಲು ಕೆಲಸ, ಸಂಜೆ ಕಾಲೇಜು. ಪೆಟ್ಟಿಗೆಯ ಕಾರ್ಡುಗಳ ಮುಂಭಾಗವನ್ನೆಲ್ಲ ಮೊದಲು ಯಂತ್ರಕ್ಕೆ ಕೊಡುವುದು, ಆಮೇಲೆ ಕಟ್ಟನ್ನು ಮಗುಚಿ ಹಿಂಭಾಗ ಕೊಡುವುದು ಅಲ್ಲಿನ ಪದ್ಧತಿ. ಆ ಸಂಜೆ ಪರೀಕ್ಷೆಯಿತ್ತು. ಚೀಟಿ ಇಟ್ಟು ಓಡಿದ್ದೆ. ಮರುದಿನ ಇನ್ನೊಂದು ಪರೀಕ್ಷೆ, ರಜೆ. ವಾಪಸ್ ಬಂದಾಗ ಪೆಟ್ಟಿಗೆ ಮುಚ್ಚಿ ಉಗ್ರಾಣಕ್ಕೆ ಹೋಗಿತ್ತು. ಯಾರೋ ಮುಗಿಸಿರಬೇಕು ಎಂದುಕೊಂಡೆ. ಕೇಳಲಿಲ್ಲ. ಬೀಗವನ್ನು ಮೂರು ಸಲ ಎಳೆದು ನೋಡುವವಳು ಆ ಒಂದನ್ನು ಕೇಳಲಿಲ್ಲ.

ತಾತನನ್ನು ಆ ಬಾಗಿಲಲ್ಲಿ ನಿಲ್ಲಿಸಿದವಳು ನಾನೇ.

ಸೂಪರಿಂಟೆಂಡೆಂಟ್ ಸರ್ ಚೀಟಿ ನೋಡಿ ಬಾಯಲ್ಲಿದ್ದ ಕೆಮ್ಮಿನ ಮಾತ್ರೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದರು. "ಒಂಬತ್ತು ವರ್ಷ ಆಯ್ತಲ್ಲಮ್ಮ. ಆ ಒಂದು ಕಾರ್ಡ್ ತಿದ್ದು, ಚೀಟಿ ಹರಿದು ಹಾಕು. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಯ್ತಲ್ಲ, ಸರ್."

ಅವರು ಮಾತ್ರೆಯನ್ನು ಕಟಕ್ಕನೆ ಕಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಮೆಮೊ ಬರೆದರು. ನನ್ನ ಸ್ವಂತ ಸೇವಾ ಪುಸ್ತಕದಲ್ಲೂ ಅಂದು ಒಂದು ಸಾಲು ಸೇರಿತು, ಕರ್ತವ್ಯಲೋಪ ಎಂದು. ವಿಚಿತ್ರವೆಂದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಎರಡು ಬೀದಿ ಆಚೆಯ ಅಂಗಡಿಗೆ ಹೋಗುವುದಕ್ಕೆ.

ಮಾರನೆಯ ದಿನ ಸಂಜೆ ಹೋದೆ. ಟೈಲರ್ ಮಿಷನ್ ತುಳಿಯುತ್ತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿದ್ದನ್ನು ನೋಡಬಾರದಿತ್ತು. ಮೂಲೆಯ ಕುರ್ಚಿಯಲ್ಲಿ ಒಬ್ಬರು ಮುದುಕರು ನೆಟ್ಟಗೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಿದ್ದರು.

ದಾರಿಯಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಹೋದವು. ಚೀಟಿಯನ್ನು ತಾತನ ಕೈಗೆ ಕೊಟ್ಟೆ. "ನಿಮ್ಮ ಎರಡು ಪದಕ ಕಾರ್ಡಿನ ಹಿಂಭಾಗದಲ್ಲಿ ಇವೆ. ಅದನ್ನ ಸ್ಕ್ಯಾನ್ ಮಾಡದೇ ಬಿಟ್ಟವಳು ನಾನು."

ಮಿಷನ್ನಿನ ಸದ್ದು ನಿಂತಿತು.

ತಾತ ಚೀಟಿಯನ್ನು ದೂರ ಹಿಡಿದು ಓದಿದರು. "ಎಂಟು ವರ್ಷ" ಎಂದರು. ಅಷ್ಟೇ. ಬಯ್ದಿದ್ದರೆ ನಿಂತುಕೊಳ್ಳುವುದು ಸುಲಭವಾಗುತ್ತಿತ್ತು.

"ನಾಳೆ ಮೊದಲು ನಿಮ್ಮದನ್ನೇ ಮಾಡ್ತೀನಿ, ತಾತ."

"ಆ ಪೆಟ್ಟಿಗೇಲಿ ಎಷ್ಟು ಜನ ಇದ್ದಾರೆ?"

"ನೂರ ಎಂಬತ್ತು."

"ನನ್ನ ನಂಬರ್?"

"ನೂರ ಅರವತ್ತಮೂರು."

"ಹಾಗಾದ್ರೆ ಒಂದರಿಂದ ಶುರು ಮಾಡು. ನನ್ನ ಹಾಗೆ ಎಷ್ಟು ಜನ ಮನೇಲಿ ಕೂತಿದ್ದಾರೋ. ಸಾಲು ಹಾರಿ ಮುಂದೆ ಹೋಗೋ ಅಭ್ಯಾಸ ನನಗಿಲ್ಲ, ಮಗಳೇ. ನಂದು ಬಂದಾಗ ಬರಲಿ."

ಟೈಲರ್ ಕಡೆ ನೋಡಿದೆ. ಅವನು ಹೊಲಿಗೆಯಲ್ಲಿ ಸಿಕ್ಕಿಬಿದ್ದಿದ್ದ ಬಟ್ಟೆಯನ್ನೇ ನೋಡುತ್ತಿದ್ದ. "ನೀವೇನಾ" ಎಂದ, ಅಷ್ಟು ಮೆಲ್ಲಗೆ.

ಸಮಾವೇಶ ಒಂಬತ್ತನೇ ದಿನ ಬೆಳಗ್ಗೆ. ನನ್ನ ಕೈಯಲ್ಲಿ ಎಂಟು ದಿನ. ಪ್ರತಿ ಕಾರ್ಡಿನ ಹಿಂಭಾಗ ಸ್ಕ್ಯಾನ್ ಮಾಡಿ, ನೋಡಿ, ತಿದ್ದಿ, ಸರ್ ಸಹಿ ಪಡೆಯಬೇಕು. ದಿನಕ್ಕೆ ಇಪ್ಪತ್ತಾದರೂ ನೂರ ಅರವತ್ತಕ್ಕೆ ನಿಲ್ಲುತ್ತದೆ, ಮೂರು ಕಾರ್ಡು ಈಚೆ. ಊಟ ಬಿಟ್ಟೆ. ರಜೆಯ ದಿನವೂ ಬಂದೆ. ಬೈಯುತ್ತಲೇ ಸರ್ ಕೂಡ ಬಂದರು. ಒಂದೊಂದೇ ಕಾರ್ಡು ಮಗುಚುತ್ತಿದ್ದೆ. ಖಾಲಿ. ಖಾಲಿ. ನೀಲಿ ಶಾಯಿ. ಇಪ್ಪತ್ತೇಳನೆಯವರಿಗೆ ಒಂದು, ನಲವತ್ತನೆಯವರಿಗೆ ಎರಡು. ಹೊಸ ಪ್ರತಿಯನ್ನು ಅಂಚೆಗೆ ಹಾಕುವಾಗ ಯಾವುದೋ ಮನೆಯ ಬಾಗಿಲು ತೆರೆದಂತೆ ಅನ್ನಿಸುತ್ತಿತ್ತು.

ಪ್ರತಿ ಸಲ ಹೊರಬಾಗಿಲು ಕಿರುಗುಟ್ಟಿದಾಗಲೂ ತಲೆ ಎತ್ತುತ್ತಿದ್ದೆ. ಅವನಲ್ಲ. ಐದು ದಿನ ಅವನಲ್ಲ.

ಆರನೇ ದಿನ ಮಧ್ಯಾಹ್ನ ಕಿಂಡಿಯ ಮುಂದೆ ಒಂದು ಸೂಜಿ, ಬೂದು ದಾರದ ಉಂಡೆ ಬಂದು ಕೂತವು.

"ಕೈ ಕೊಡಿ."

ನಾನು ಪಿಳಿಪಿಳಿ ನೋಡಿದೆ.

"ತೋಳು. ಗುಂಡಿ ಬಿದ್ದು ಹೋಗಿದೆ. ಎರಡು ದಿನ ಅಂದಿದ್ದೆ, ಅವತ್ತು ಅಂಗಡಿಗೆ ಬಂದಾಗಲೇ ಇರಲಿಲ್ಲ. ಗುಂಡಿ ಇದೆಯಾ, ಅದನ್ನೂ ಉಗ್ರಾಣಕ್ಕೆ ಕಳಿಸಿದ್ರಾ?"

ಜೇಬಿನಿಂದ ತೆಗೆದು ಕೊಟ್ಟೆ. ಮಣಿಕಟ್ಟನ್ನು ಕಿಂಡಿಯಿಂದ ಆಚೆ ಚಾಚಿದೆ. ಅವನು ತಲೆ ಬಗ್ಗಿಸಿ ಹೊಲಿಯತೊಡಗಿದ. ಅವನ ಹೆಬ್ಬೆರಳು ನನ್ನ ನಾಡಿಯ ಮೇಲೆಯೇ ಇತ್ತು. ಅದು ಎಷ್ಟು ಜೋರಾಗಿ ಓಡುತ್ತಿದೆ ಎಂದು ಅವನಿಗೆ ಗೊತ್ತಾಗದೆ ಇರಲು ಸಾಧ್ಯವೇ ಇರಲಿಲ್ಲ.

"ಅಲ್ಲಾಡಬೇಡಿ."

"ನಾನು ಅಲ್ಲಾಡ್ತಿಲ್ಲ."

"ಹಾಗಾದ್ರೆ ಕಚೇರಿ ಅಲ್ಲಾಡ್ತಿದೆ." ಸೂಜಿ ಮೇಲೆ ಬಂದು ಕೆಳಗೆ ಹೋಯಿತು. "ಎರಡು ದಿನ ನಿಮ್ಮ ಮೇಲೆ ಕೋಪ ಇತ್ತು. ಸುಳ್ಳು ಹೇಳಲ್ಲ. ಮೂರನೇ ದಿನ ತಾತ ಕೇಳಿದ್ರು, ನೀನು ಯಾವತ್ತೂ ತಪ್ಪು ಕತ್ತರಿಸಿಲ್ವೇನೋ ಅಂತ. ಒಂದ್ಸಲ ಒಬ್ಬರ ಮದುವೆ ಕೋಟಿಗೆ ಎರಡೂ ಎಡಗೈ ತೋಳು ಕತ್ತರಿಸಿಬಿಟ್ಟಿದ್ದೆ. ಏನು ಮಾಡಿದೆ ಗೊತ್ತಾ? ಬಟ್ಟೆ ಕಮ್ಮಿ ತಂದಿದ್ದೀರಿ ಅಂತ ಅವರಿಗೇ ಬಯ್ದೆ."

ನಗು ಬಂತು. ಜೊತೆಗೆ ಕಣ್ಣೀರೂ.

"ನೀವು ಚೀಟಿ ಹಿಡ್ಕೊಂಡು ನಮ್ಮ ಅಂಗಡಿಗೇ ಬಂದ್ರಿ. ನನ್ನ ಕೈಲಿ ಆಗ್ತಿರಲಿಲ್ಲ." ಬಾಗಿ, ದಾರವನ್ನು ಹಲ್ಲಿನಿಂದ ಕಡಿದ. ಅವನ ಕೂದಲು ನನ್ನ ಬೆರಳಿಗೆ ತಾಗಿತು. ಗುಂಡಿ ಹಾಕಿ ಆಗಿತ್ತು. ಕೈಯನ್ನು ಅವನೂ ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ.

"ಎಷ್ಟಕ್ಕೆ ಬಂದಿದೀರಿ?"

"ನೂರ ಹದಿನೆಂಟು."

"ಹಾಗಾದ್ರೆ ಕೈ ಬೇಕಾಗತ್ತೆ" ಎಂದು ಮೆಲ್ಲಗೆ ವಾಪಸ್ ಕೊಟ್ಟ.

ಎಂಟನೇ ದಿನ ಐದು ಗಂಟೆಗೆ ಹತ್ತು ನಿಮಿಷ ಇದ್ದಾಗ ನೂರ ಅರವತ್ತಮೂರು ಬಂತು. ಸರ್ ಸಹಿ ಹಾಕಿ ಗಡಿಯಾರ ನೋಡಿ, "ಹೋಗಮ್ಮ, ಓಡು" ಎಂದರು. ಎರಡು ಬೀದಿ ಓಡಿದೆ. ಪದಕಗಳು ಮತ್ತೆ ಸಿಗಲು ತಿಂಗಳುಗಳೇ ಬೇಕು. ಆದರೆ ಪಟ್ಟಿಗೆ ಬೇಕಾದದ್ದು ಈ ಹಾಳೆ, ಕೋಟಿಗೆ ಬೇಕಾದದ್ದು ಐದು ರಿಬ್ಬನ್. ಟೈಲರ್ ಅವನ್ನು ಆಗಲೇ ತಂದಿಟ್ಟುಕೊಂಡಿದ್ದ. ಹಳೆಯ ತೂತುಗಳಲ್ಲೇ ಸೂಜಿ ಹಾಕಿ, ಒಂದೂ ಹೊಸ ತೂತು ಮಾಡದೆ ಹೊಲಿದ. ತಾತ ಹಾಳೆಯನ್ನು ಮೂರು ಸಲ ಓದಿದರು. ಆಮೇಲೆ ಹಿಂದೆ ತಿರುಗಿಸಿ ನೋಡಿ, "ಏನೂ ಇಲ್ಲ ತಾನೆ?" ಎಂದು ನನ್ನತ್ತ ಕಣ್ಣು ಮಿಟುಕಿಸಿದರು.

ಬೆಳಗ್ಗೆ ಸಮಾವೇಶದ ಬಾಗಿಲಲ್ಲಿ ಪಟ್ಟಿ ಹಿಡಿದವರು ತಾತನ ಎದೆ ನೋಡಿದರು, ಪಟ್ಟಿ ನೋಡಿದರು, ತಾತ ಚಾಚಿದ ಹಾಳೆ ನೋಡಿ ಪಟ್ಟಿ ತಿದ್ದಿದರು.

"ಐದು" ಎಂದರು ಅವರು. "ಸರಿ ಇದೆ. ಒಳಗೆ ಬನ್ನಿ, ಸರ್."

ಒಳಗಿನಿಂದ ಕೋಲೂರಿಕೊಂಡು ಒಬ್ಬರು ಮುದುಕರು ಬರುತ್ತಿದ್ದರು, ಬೇಗ ಬರಲಾಗದೆ ದೂರದಿಂದಲೇ ಬಯ್ಯುತ್ತ: "ಎಂಟು ವರ್ಷ ಏನೋ ಮಾಡ್ತಿದ್ದೆ, ಗೂಬೆ?" ವೈರ್‌ಲೆಸ್‌ನವರು. ತಾತ ನೇರ ಹೋಗಿ ಅವರ ಭುಜಕ್ಕೆ ಭುಜ ಕೊಟ್ಟು ನಿಂತರು, ಅಷ್ಟೇ.

ಉಳಿದವರಿಗೆ ಒಳಗೆ ಪ್ರವೇಶವಿರಲಿಲ್ಲ. ನಾನೂ ಟೈಲರೂ ಗೇಟಿನ ಹೊರಗೆ ಉಳಿದೆವು. ಅವನು ಜೇಬಿನಿಂದ ಅಂಗಡಿಯ ರಸೀದಿ ಚೀಟಿಯೊಂದನ್ನು ತೆಗೆದು ಕೊಟ್ಟ. ಮುಖ ಆ ಕಡೆ.

'ಬೂದು ಕೋಟು, ಒಂದು. ಮುಂಭಾಗ ಆಯಿತು. ಹಿಂಭಾಗ ನಾಳೆ.'

"ಯಾರ ಕೋಟು?"

"ನಿಮ್ಮದು. ಈಗಿರೋದನ್ನ ನೋಡೋಕಾಗಲ್ಲ."

"ಅಳತೆ ಕೊಟ್ಟಿಲ್ವಲ್ಲ ನಾನು."

"ಟೈಲರ್ ಕಣ್ಣು. ಬೇಡ ಅಂದ್ರೂ ಅಳೆಯತ್ತೆ." ಅವನ ಕಿವಿ ಕೆಂಪಾಗಿತ್ತು.

ಈಗ ಯಾವ ಕಾಗದ ಕೈಗೆ ಬಂದರೂ ಒಂದು ಕೆಲಸ ಮಾಡದೆ ನಾನು ಬಿಡುವುದಿಲ್ಲ. ಚೀಟಿಯನ್ನು ತಿರುಗಿಸಿದೆ. ಹಿಂಭಾಗದಲ್ಲಿ, ಹೊಲಿಗೆಗಿಂತ ಸಣ್ಣ ಅಕ್ಷರದಲ್ಲಿ:

'ನಿಮ್ಮನ್ನ ಇಷ್ಟಪಡ್ತೀನಿ. ಇದು ದಾಖಲೆಯಲ್ಲಿ ಇದೆಯಾ, ಇಲ್ವಾ?'

ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಅವನು ತಾಳಲಾರದೆ, "ವಾಪಸ್ ಕಳಿಸ್ತೀರಾ ಇದನ್ನೂ?" ಎಂದ.

ಕೈಚೀಲದಿಂದ ಕೆಂಪು ಪೆನ್ಸಿಲ್ ತೆಗೆದೆ. ಆಸರೆಗೆ ಏನೂ ಇರಲಿಲ್ಲ, ಅವನನ್ನೇ ತಿರುಗಿ ನಿಲ್ಲಲು ಹೇಳಿ, ಅವನ ಬೆನ್ನ ಮೇಲೆ ಚೀಟಿಯಿಟ್ಟು ಬರೆದೆ: 'ಪರಿಶೀಲಿಸಿ ದಾಖಲೆಗೆ ಸೇರಿಸಲಾಗಿದೆ.'

ಕೆಳಗೆ ಎರಡು ಗೆರೆ ಎಳೆದೆ. ಎರಡನೆಯದು ಸ್ವಲ್ಪ ಸೊಟ್ಟಗಾಯಿತು. ಅವನು ನಗುತ್ತಿದ್ದ, ಬೆನ್ನು ಅಲ್ಲಾಡುತ್ತಿತ್ತು.